ಗಡ್ಡೆ ಬೆಳೆದಿಲ್ಲ

ಆ ಸಲವೂ ವನಜಾಳ ಗಡ್ಡೆ ಬೆಳೆದಿರಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಬೆಂಡಿಗೇರಿ ಡಾಕ್ಟರು ಹೋದ ವರ್ಷದ ಚಿತ್ರ, ಈ ವರ್ಷದ ಚಿತ್ರ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ಎರಡರಲ್ಲೂ ಬಲಗಿವಿಯ ಹಿಂದೆ, ಎಲುಬಿನ ಇಕ್ಕಟ್ಟಿನಲ್ಲಿ, ನೆನೆದ ಕಡಲೆಯಷ್ಟು ಬೆಳ್ಳನೆಯ ಚುಕ್ಕೆ. ಕೂದಲೆಳೆಯಷ್ಟೂ ಫರಕು ಇಲ್ಲ ಎಂದು ಅವರು ನನ್ನ ಕೈ ಕುಲುಕಿದರು. ನಾನೂ ಕುಲುಕಿದೆ. ವನಜಾ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಹಂಗಾದ್ರ ನನಗ ಯಾಕ ಕೇಳವಲ್ದ್ರಿ?" ಎಂದಳು.

ಡಾಕ್ಟರು ಇನ್ನೊಂದು ಪರದೆ ತೋರಿಸಿದರು. ಅದು ಅವಳ ಕಿವಿಗೆ ಎಷ್ಟು ಕೇಳುತ್ತದೆಂದು ತೋರಿಸುವ ಗೆರೆ. ಮೂರು ವರ್ಷದಿಂದ ಮೇಲೆ ಏರಿದ್ದು ಇಳಿದೇ ಇರಲಿಲ್ಲ. ಎಡಗಿವಿ ಪೂರ್ತಿ ಹೋದವರಿಗೆ ಧ್ವನಿ ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ, ಹಿಂದಿನಿಂದ ಕರೆದರೆ ಗೊಂದಲ ಆಗುತ್ತದೆ, ಅದು ಸಹಜ, ಬಲಗಿವಿ ಮಾತ್ರ ಬಂಗಾರದ ಹಾಗೆ ಇದೆ ಎಂದು ಸಮಾಧಾನ ಹೇಳಿದರು. ಮದ್ದು ಸ್ವಲ್ಪ ಕಡಿಮೆ ಮಾಡಿ ನೋಡಲು ಬರುತ್ತದೋ ಎಂದು ನಾನು ಕೇಳಿದೆ. ಗೆರೆ ಇಳಿಯದೆ ಲೆಕ್ಕ ಹಾಕುವ ಯಂತ್ರ ಮದ್ದು ಇಳಿಸುವುದಿಲ್ಲ, ಆರು ತಿಂಗಳು ಬಿಟ್ಟು ಬರ್ರಿ ಎಂದರು.

ನಮ್ಮ ಮನೆತನದಲ್ಲಿ ಈ ಗಡ್ಡೆ ಹೊಸದಲ್ಲ. ನಮ್ಮವ್ವ ಗೋಡೆ ಹಿಡಿದು ನಡೆಯುತ್ತಿದ್ದಳು. ಕತ್ತಲಾದರೆ ಅಂಗಳ ದಾಟಲು ಆಗುತ್ತಿರಲಿಲ್ಲ. ಓಣಿಯವರು ಅವಳು ಸೆರೆ ಕುಡಿಯುತ್ತಾಳೆ ಎಂದು ಆಡಿಕೊಂಡರು. ಕಿವಿ ಹೋದ ಮೇಲೆ ಅದು ಅವಳಿಗೆ ಕೇಳಿಸದ್ದೇ ಒಳ್ಳೆಯದಾಯಿತು. ನನ್ನ ತಂಗಿ ನೀಲವ್ವನ ಕಾಲಕ್ಕೆ ರೋಗಕ್ಕೆ ಹೆಸರು ಬಂದಿತ್ತು. ಕಿವಿಗೂ ದೇಹದ ತೋಲಕ್ಕೂ ಮಿದುಳಿನಿಂದ ಬರುವ ನರದ ಮೇಲೆ, ಎರಡೂ ಕಡೆ, ಗಡ್ಡೆ ಏಳುತ್ತದೆ. ಕ್ಯಾನ್ಸರ್ ಅಲ್ಲ, ಸಾಧು ಗಡ್ಡೆ ಎಂದರು. ಸಾಧುವನ್ನು ಕೊಯ್ದು ತೆಗೆದರು. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ, ಮುಖದ ಒಂದು ಪಾರ್ಶ್ವ ಜೋತುಬಿತ್ತು. ನಕ್ಕರೆ ಅತ್ತ ಹಾಗೆ ಕಾಣುತ್ತದೆಂದು ನೀಲವ್ವ ನಗುವುದನ್ನೇ ಬಿಟ್ಟುಬಿಟ್ಟಳು. ವನಜಾ ಅವಳ ಮಗಳು. ತಾಯಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಬೆಳೆದಳು. ಅವಳ ಎಡಗಿವಿ ಮದುವೆಗೆ ಮುಂಚೆಯೇ ಹೋಯಿತು.

ಬಲಗಿವಿಯ ಗಡ್ಡೆ ಕಾಣಿಸಿಕೊಳ್ಳುವ ಹೊತ್ತಿಗೆ ಕಾಳು ಬಂದಿತ್ತು. ಜೋಳದ ಕಾಳಿನಷ್ಟೇ ಇರುವ ಯಂತ್ರ. ಕಿವಿಯ ಹಿಂದೆ ಸಣ್ಣ ತೂತು ಕೊರೆದು ಗಡ್ಡೆಯ ಮಗ್ಗುಲಲ್ಲಿ ಕೂರಿಸುತ್ತಾರೆ. ಅದು ದಿನವಿಡೀ ಮದ್ದನ್ನು ಒಸರಿಸುತ್ತಾ ಗಡ್ಡೆಯನ್ನು ನಿದ್ದೆಯಲ್ಲಿ ಇಡುತ್ತದೆ. ಮದ್ದು ಕಡಿಮೆಯಾದರೆ ಗಡ್ಡೆ ಎಚ್ಚರಾಗುತ್ತದೆ, ಹೆಚ್ಚಾದರೆ ನರವೇ ಒಣಗುತ್ತದೆ. ಎಷ್ಟು ಬಿಡಬೇಕೆಂದು ಹುಬ್ಬಳ್ಳಿಯ ಕಂಟ್ರೋಲ್ ರೂಮಿನ ಯಂತ್ರ ಪ್ರತಿ ವಾರ ಲೆಕ್ಕ ಹಾಕುತ್ತದೆ. ತಲೆ ಎಷ್ಟು ವಾಲುತ್ತದೆ ಎಂಬುದನ್ನು ಕಾಳೇ ಅಳೆದು ಕಳಿಸುತ್ತದೆ. ಕಿವಿ ಎಷ್ಟು ಕೇಳುತ್ತದೆ ಎಂಬುದು ಕಾಳಿಗೆ ತಿಳಿಯುವುದಿಲ್ಲ, ಅದನ್ನು ಮನುಷ್ಯರನ್ನೇ ಕೇಳಬೇಕು.

ಅದಕ್ಕೆ ವಾರಕ್ಕೊಮ್ಮೆ ಮುಂಜಾನೆ ಲವಿನಾ ಎಂಬ ಹುಡುಗಿ ಕಂಟ್ರೋಲ್ ರೂಮಿನಿಂದ ವನಜಾಳ ಫೋನಿನ ಪರದೆಯ ಮೇಲೆ ಬರುತ್ತಿದ್ದಳು. ಉಡುಪಿ ಕಡೆಯವಳು. ಹಗ್ಗ, ಬೆಲ್ಲ, ಕೊಡ ಎಂದು ದಿನಬಳಕೆಯ ಮಾತುಗಳನ್ನು ಒಂದೊಂದಾಗಿ ಹೇಳುವಳು, ವನಜಾ ತಿರುಗಿ ಹೇಳಬೇಕು. ಮೊದಮೊದಲು ಬರೀ ಯಂತ್ರದ ಧ್ವನಿಯೇ ಕೇಳುತ್ತಿತ್ತಂತೆ. ಜನ ಅದನ್ನು ಯಾವುದೋ ಕಂಪನಿಯ ಪ್ರಚಾರದ ಕರೆ ಎಂದುಕೊಂಡು ಇಟ್ಟುಬಿಡುತ್ತಿದ್ದರಂತೆ. ಮನುಷ್ಯರ ಮುಖ ಕಂಡರೆ ಕೂತು ಉತ್ತರ ಕೊಡುತ್ತಾರೆ ಎಂದು ಲವಿನಾಳಂಥವರನ್ನು ತಂದರು. ಅದೂ ಸರಿಯೇ. ಲವಿನಾ ಬಂದರೆ ಮನೆಗೆ ನೆಂಟರು ಬಂದ ಹಾಗೆ ಇರುತ್ತಿತ್ತು. ವನಜಾಳ ಮಗಳು ಪಲ್ಲವಿ ಹೊಸ ಲಂಗ ಹಾಕಿದರೆ ಪರದೆಯ ಮುಂದೆ ಒಂದು ಸುತ್ತು ತಿರುಗಿ ತೋರಿಸುವಳು. ವನಜಾ ಒಂದು ಮಾತೂ ತಪ್ಪುತ್ತಿರಲಿಲ್ಲ.

ಮನೆಯಲ್ಲಿ ಬೇರೆಯೇ ಕತೆ. ಬೆನ್ನ ಹಿಂದೆ ಹಾಲು ಉಕ್ಕಿ ಒಲೆ ಆರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಪಲ್ಲವಿ ಬಚ್ಚಲಲ್ಲಿ ಜಾರಿ ಬಿದ್ದು ಕೂಗಿಕೊಂಡಾಗ ಇವಳು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಮಗು ಕುಂಟುತ್ತಾ ಎದುರಿಗೆ ಬಂದು ನಿಂತ ಮೇಲೆ ನೋಡಿ, ಮೊರದ ಅಕ್ಕಿ ಚೆಲ್ಲಿ ಎದ್ದಳು. ಅಂದಿನಿಂದ ಮಗಳು ಸ್ನಾನಕ್ಕೆ ಹೋದರೆ ಇವಳು ಬಾಗಿಲ ಹೊರಗೇ ಕೂರುವಳು. ಏನು ಪ್ರಯೋಜನ? ಕೂತರೂ ಕೇಳುವುದಿಲ್ಲವಲ್ಲ.

ಆದರೆ ನಮ್ಮ ಮಗ್ಗದ ಶೆಡ್ಡಿನಲ್ಲಿ ಅವಳಿಗೆ ಏನೂ ತೊಂದರೆ ಇರಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಕರೆಂಟಿನ ಮಗ್ಗಗಳೇ. ಸಾಲಾಗಿ ಬಡಿಯುತ್ತಿರುತ್ತವೆ. ಆ ಸದ್ದಿನಲ್ಲಿ ಅವಳು ಕಂಡಿಕೆಗೆ ನೂಲು ಸುತ್ತುತ್ತಾ, ಆಚೆ ಕೊನೆಯಲ್ಲಿದ್ದ ಕಾಶವ್ವನ ಜೊತೆ ಊರ ಸುದ್ದಿಯೆಲ್ಲ ಆಡಿ ನಗುತ್ತಿದ್ದಳು. ಅವಳ ಗಂಡ ಶ್ರೀಶೈಲ ಅದನ್ನು ಹಿಡಿದು ಛೇಡಿಸುವನು. ಕಾಶವ್ವನ ಚಾಡಿ ಮಾತು ಕೇಳಿಸುತ್ತದೆ, ಚಹಾ ಮಾಡು ಅಂದರೆ ಕೇಳಿಸುವುದಿಲ್ಲ, ಎಂಥ ಶಾಣ್ಯಾ ಕಿವಿ ಎನ್ನುವನು. ಮೊದಲು ಅವಳೂ ನಗುತ್ತಿದ್ದಳು. ಬರುಬರುತ್ತಾ ತಾಟನ್ನು ಕುಕ್ಕಿ ಇಡತೊಡಗಿದಳು. ಒಂದು ದಿನ ನನ್ನ ಎದುರು ಕೂತು, "ಮಾಮಾ, ನಾ ಸುಳ್ಳ ಹೇಳಾಕತ್ತೇನೇನು?" ಎಂದು ಕೇಳಿದಳು. ಅಲ್ಲ ಎಂದೆ. ಆದರೆ ದವಾಖಾನೆಯ ಗೆರೆ ಸುಳ್ಳು ಎನ್ನಲು ನನ್ನ ಹತ್ತಿರ ಏನಿತ್ತು?

ಕಂಟ್ರೋಲ್ ರೂಮಿಗೆ ನಾನೇ ಎಷ್ಟೋ ಸಲ ಫೋನು ಮಾಡಿದೆ. ಮಗ್ಗದಲ್ಲಿ ನನ್ನ ಕಿವಿಯೂ ಮಂದವಾಗಿದೆ, ಅವರು ಹೇಳಿದ್ದನ್ನು ಎರಡೆರಡು ಸಲ ಹೇಳಿಸಿಕೊಳ್ಳಬೇಕು. ಆ ಕಡೆ ಇದ್ದವರು ಮೆಲ್ಲಗೆ ನಗುವರು. ಅಜ್ಜಾರ, ಪೇಷಂಟ್ ನೀವೋ ಅವರೋ ಎಂದು ಒಬ್ಬ ಕೇಳಿದ. ತಲೆ ವಾಲುವ ಲೆಕ್ಕ ಸ್ವಲ್ಪ ಏರಿದೆ, ಗಡ್ಡೆ ಎಚ್ಚರಾಗುತ್ತಿರಬಹುದು, ಆದರೆ ಮಾತಿನ ಲೆಕ್ಕ ಪೂರ್ತಿ ಇದೆ, ಹಾಗಾಗಿ ನರ ಗಟ್ಟಿಯಾಗಿದೆ, ಮದ್ದು ತಡೆದುಕೊಳ್ಳುತ್ತದೆ ಎಂದು ವಿವರಿಸಿದ. ಆ ವಾರ ಯಂತ್ರ ಮದ್ದನ್ನು ಇನ್ನೊಂದು ಚೂರು ಏರಿಸಿತು. ಗಡ್ಡೆ ಬೆಳೆದಿಲ್ಲ ಎಂಬ ಸಂದೇಶ ಫೋನಿಗೆ ಬಂತು, ಜೊತೆಗೊಂದು ಹೂವಿನ ಚಿತ್ರ.

ಹೀಗೇ ನಡೆದಿತ್ತು. ಆ ಚಳಿಗಾಲದಲ್ಲಿ ಹುಬ್ಬಳ್ಳಿ ಕಡೆ ಜ್ವರ ಹಬ್ಬಿತು, ದವಾಖಾನೆಯವರೆಲ್ಲ ಮಾಸ್ಕ್ ಹಾಕಬೇಕೆಂದು ಹುಕುಂ ಆಯಿತು. ವಾರದ ಮುಂಜಾನೆ ಲವಿನಾ ನೀಲಿ ಮಾಸ್ಕ್ ಹಾಕಿಕೊಂಡು ಪರದೆಯ ಮೇಲೆ ಬಂದಳು. ಮೊದಲ ಮಾತು ಹೇಳಿದಳು. ವನಜಾ ಸುಮ್ಮನೆ ಕೂತಿದ್ದಳು. ಎರಡನೆಯದು ಹೇಳಿದಳು. ಧ್ವನಿ ಬರವಲ್ದು ಎಂದು ವನಜಾ ಫೋನನ್ನು ಅಲುಗಿಸಿದಳು. ಲೈನಲ್ಲಿ ಸ್ವಲ್ಪ ಪ್ರಾಬ್ಲಮ್ ಉಂಟು, ಟೆನ್ಶನ್ ಮಾಡ್ಬೇಡಿ ಎಂದು ಲವಿನಾ ಹೇಳಿದ್ದು ಪಡಸಾಲೆಯ ಈ ಕೊನೆಯಲ್ಲಿ ಕೂತ ನನಗೇ ಕೇಳುತ್ತಿತ್ತು. ಶ್ರೀಶೈಲ ಧ್ವನಿಯನ್ನು ಪೂರ್ತಿ ಏರಿಸಿದ. ಹಗ್ಗ, ಹಗ್ಗ ಎಂದು ಲವಿನಾ ಕೂಗಿದ್ದು ಕೇಳಿ ಪಕ್ಕದ ಮನೆಯವರು ಏನಾಯಿತೆಂದು ನೋಡಲು ಬಂದರು. ವನಜಾ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. ಲೈನು ಸರಿ ಇದೆ ಎಂದು ಆಗ ಅವಳಿಗೆ ತಿಳಿಯಿತು.

ಕಂಟ್ರೋಲ್ ರೂಮಿನ ಯಂತ್ರ ಅಪಾಯದ ಗಂಟೆ ಬಾರಿಸಿತು. ತುಂಬಿದ ಅಂಕಿ ಒಂದೇ ವಾರದಲ್ಲಿ ಸೊನ್ನೆಯಾಗಿತ್ತು. ಗಡ್ಡೆಯೊಳಗೆ ರಕ್ತನಾಳ ಒಡೆದಿರಬೇಕು, ಕೂಡಲೇ ಕರೆತನ್ನಿ ಎಂದು ಅಲ್ಲಿಯವರು ಹೇಳಿದರು. ಹುಬ್ಬಳ್ಳಿಯ ದಾರಿಯುದ್ದಕ್ಕೂ ಅವಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಶ್ರೀಶೈಲ ಏನೋ ಸಮಾಧಾನ ಹೇಳುತ್ತಲೇ ಇದ್ದ. ಅವಳು ಆ ಕಡೆ ಮುಖ ಮಾಡಿದ್ದರಿಂದ ಅದು ಅವಳಿಗೆ ಮುಟ್ಟಲೇ ಇಲ್ಲ.

ಚಿತ್ರ ತೆಗೆದರು. ಗಡ್ಡೆ ಬೆಳೆದಿರಲಿಲ್ಲ.

ಬೆಂಡಿಗೇರಿ ಡಾಕ್ಟರು ನಮ್ಮನ್ನು ಕಂಟ್ರೋಲ್ ರೂಮಿಗೇ ಕರೆಸಿದರು. ಗೋಡೆ ತುಂಬ ಪರದೆಗಳು, ಪರದೆ ತುಂಬ ಗೆರೆಗಳು, ಒಂದೊಂದು ಗೆರೆ ಯಾರದೋ ಒಂದು ತಲೆ. ಲವಿನಾ ಒಂದು ಮೂಲೆಯಲ್ಲಿ ಕೂತಿದ್ದಳು, ಎದ್ದು ವನಜಾಳ ಕೈ ಹಿಡಿದುಕೊಂಡಳು. ಡಾಕ್ಟರು ಮಾಸ್ಕಿನ ಒಳಗಿನಿಂದ ಏನೇನೋ ಕೇಳತೊಡಗಿದರು: ತಲೆನೋವು ಬಂದಿತ್ತೇ, ವಾಂತಿ ಆಗಿತ್ತೇ, ಎಲ್ಲಾದರೂ ಬಿದ್ದಿದ್ದಳೇ. ವನಜಾ ನನ್ನ ಕಡೆ ತಿರುಗಿದಳು. ಡಾಕ್ಟರು ಕೇಳಿದ್ದನ್ನು ನಾನು ಅವಳಿಗೆ ಹೇಳಿದೆ, ಇಲ್ಲ ಎಂದಳು. ಮುಂದಿನದನ್ನೂ ಹೇಳಿದೆ, ಅದಕ್ಕೂ ಉತ್ತರ ಕೊಟ್ಟಳು. ಹೀಗೆ ನಾಲ್ಕೈದು ಪ್ರಶ್ನೆ ಆಗುವಷ್ಟರಲ್ಲಿ ಡಾಕ್ಟರು ಮಾತು ನಿಲ್ಲಿಸಿ ನನ್ನನ್ನೇ ನೋಡತೊಡಗಿದರು.

"ಯಜಮಾನ್ರ, ನೀವು ಏನ್ ಮಾಡಾಕತ್ತೀರಿ?"

"ನೀವು ಅಂದಿದ್ದು ಆಕೀಗೆ ಹೇಳಾಕತ್ತೇನ್ರಿ."

"ನಿಮ್ಮ ಧ್ವನೀನ ಬರವಲ್ದಲ್ಲ."

ಧ್ವನಿ ಯಾಕೆ ಬೇಕು? ಶೆಡ್ಡಿನಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ಬಡಿಯುವಾಗ ಗಂಟಲು ಹರಿದುಕೊಂಡು ಕೂಗಿದರೂ ಪ್ರಯೋಜನವಿಲ್ಲ. ನಾವು ಬಾಯಿ ಆಡಿಸುತ್ತೇವೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ನಾನು ಹುಡುಗನಾಗಿದ್ದಾಗ ಹಾಗೇ ಕಲಿತೆ. ವನಜಾ ತೊಟ್ಟಿಲಲ್ಲಿದ್ದಾಗಲೇ ಶೆಡ್ಡಿನಲ್ಲಿ ಮಲಗಿ ಬೆಳೆದವಳು. ನಮ್ಮಲ್ಲಿ ಯಾರೂ ಅದನ್ನು ತುಟಿ ನೋಡುವುದು ಎನ್ನುವುದಿಲ್ಲ, ಕೇಳುವುದು ಎಂದೇ ಅನ್ನುತ್ತೇವೆ. ಎದುರಿಗೆ ತುಟಿ ಆಡಿದರೆ ಮಾತು ತಾನಾಗಿಯೇ ಕಿವಿಯಲ್ಲಿ ತುಂಬಿಕೊಳ್ಳುತ್ತದೆ. ಎಷ್ಟು ಕಿವಿಯದು, ಎಷ್ಟು ಕಣ್ಣಿನದು ಎಂದು ಬೇರೆ ಮಾಡಲು ಬರುವುದಿಲ್ಲ. ಇದನ್ನು ನಾನು ಡಾಕ್ಟರಿಗೆ ನನಗೆ ಬಂದ ಹಾಗೆ ಹೇಳಿದೆ. ಅದು ಹೇಳಬೇಕಾದ ಸಂಗತಿ ಎಂದು ಅಲ್ಲಿಯವರೆಗೆ ನನಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಬನಹಟ್ಟಿಯಲ್ಲಿ ಇದನ್ನು ಯಾರು ಯಾರಿಗೆ ಹೇಳುತ್ತಾರೆ?

ಲವಿನಾ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಳು. "ನಾನು ಅವರಿಗೆ ಅರ್ಥ ಆಗ್ಲಿ ಅಂತ ಬಾಯಿ ದೊಡ್ಡದು ಮಾಡಿ ಮಾತಾಡ್ತಿದ್ದೆ ಸರ್" ಎಂದಳು. ಕಣ್ಣಲ್ಲಿ ನೀರು ಬಂತು. ವನಜಾಗೆ ಆ ಮಾತು ಕೇಳಲಿಲ್ಲ, ನೀರು ಕಂಡಿತು. ಏನಾತು ಎಂದು ನನ್ನನ್ನು ಕೇಳಿದಳು. ನಾನು ಹೇಳಿದೆ. ಅವಳು ಗೋಡೆಯ ಮೇಲಿದ್ದ ತನ್ನ ಗೆರೆಯ ಕಡೆ ತಿರುಗಿದಳು. ಆಮೇಲೆ, ಹಂಗಾದ್ರ ಅದು ಕಿವಿ ಅಲ್ಲ, ನನ್ನ ಕಣ್ಣು ಎಂದಳು.

ಮತ್ತೆ ಪರೀಕ್ಷೆ ಮಾಡಿದರು, ಅವಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ. ಒಂದೋ ಎರಡೋ ಮಾತು ಹಿಡಿದಳು. ನರಕ್ಕೆ ತಂತಿ ಮುಟ್ಟಿಸಿ ನೋಡಿದರು. ಒಣಗಿದೆ, ಆದರೆ ಪೂರ್ತಿ ಸತ್ತಿಲ್ಲ ಎಂದರು. ತುಂಬಿದ ಅಂಕಿಯನ್ನು ನಂಬಿ ಯಂತ್ರ ಮೂರು ವರ್ಷ ಹೊಟ್ಟೆ ತುಂಬ ಮದ್ದು ಉಣಿಸಿತ್ತು. ಗಡ್ಡೆ ಸುಖವಾಗಿ ಮಲಗಿತ್ತು. ಅದರ ಜೊತೆ ನರವೂ ಮಲಗುತ್ತಾ ಬಂದಿತ್ತು.

ಹಾಗಾದರೆ ಇವತ್ತೇ ಮದ್ದು ಇಳಿಸಿರಿ ಎಂದ ಶ್ರೀಶೈಲ. ಅದು ಅಷ್ಟು ಸರಳ ಇಲ್ಲ ಎಂದರು ಡಾಕ್ಟರು. ಹಳೆಯ ಲೆಕ್ಕವೆಲ್ಲ ಕೆಟ್ಟಿತು, ಇನ್ನು ಸರಿಯಾದ ಲೆಕ್ಕವನ್ನು ಮೊದಲಿನಿಂದ ಕೂಡಿಸಬೇಕು, ಅದಕ್ಕೆ ಕೆಲವು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಮದ್ದು ಇದ್ದ ಹಾಗೇ ಇರಬೇಕು, ಇಲ್ಲವಾದರೆ ಮದ್ದಿನ ಮೇಲುಸ್ತುವಾರಿಯ ಸಮಿತಿ ಒಪ್ಪುವುದಿಲ್ಲ. ಸಮಿತಿ ಎಲ್ಲಿದೆ ಎಂದೆ. ಇನ್ನೊಂದು ಊರ ಹೆಸರು ಹೇಳಿದರು. ನನಗೆ ಆಗ ಬಂದ ಸಿಟ್ಟು ಈ ವಯಸ್ಸಿನಲ್ಲಿ ಬರಬಾರದು. ಮನೆ ಹೊತ್ತಿ ಉರಿಯುವಾಗ ನೀರಿನ ಆಳ ಅಳೆಯುತ್ತಾ ಕೂರುವ ಜನ ಎನಿಸಿತು. ಬಾಯಿಗೆ ಬಂದದ್ದನ್ನು ನುಂಗಿ, ಅಷ್ಟನ್ನೂ ವನಜಾಗೆ ಹೇಳಿದೆ.

ಅವಳು ಎದ್ದು ಡಾಕ್ಟರ ಹತ್ತಿರ ಹೋದಳು. ನಡೆಯುವಾಗ ಒಂದು ಮೇಜನ್ನು ಹಿಡಿದುಕೊಂಡಳು.

"ಮೂರು ವರ್ಷ ತಪ್ಪು ಅಂಕಿ ನಂಬೀರಿ. ಒಂದು ದಿನದ ಖರೇ ಅಂಕಿ ನಂಬಾಕ ಆಗೂದಿಲ್ಲೇನ್ರಿ?"

ಡಾಕ್ಟರು ಮಾಸ್ಕನ್ನು ಕೆಳಗೆ ಎಳೆದುಕೊಂಡರು. ಅವರ ಮುಖ ಎಷ್ಟು ದಣಿದಿದೆ ಎಂದು ಆಗ ಕಂಡಿತು. ಯಂತ್ರದ ಲೆಕ್ಕ ಬಿಟ್ಟು ತನ್ನ ಜವಾಬ್ದಾರಿಯ ಮೇಲೆ ಮದ್ದನ್ನು ಇಳಿಸುತ್ತೇನೆ, ಮುಂದಿನ ಚಿತ್ರದವರೆಗೆ ಮಾತ್ರ, ಗಡ್ಡೆ ಅಲುಗಿದರೆ ಮತ್ತೆ ಏರಿಸಲೇಬೇಕಾಗುತ್ತದೆ ಎಂದರು. ಅವಳು ಅವರ ತುಟಿಯನ್ನೇ ನೋಡುತ್ತಾ ಪ್ರತಿ ಮಾತಿಗೂ ತಲೆ ಆಡಿಸಿದಳು.

ಊರಿಗೆ ಬಂದ ಮೇಲೆ ಮನೆಯ ರೀತಿಯೇ ಬದಲಾಯಿತು. ಕಿವಿಗೆ ಕೆಲಸ ಕೊಡಬೇಕು, ಕಣ್ಣಿಗೆ ಕೊಡಬಾರದು ಎಂದು ಲವಿನಾ ಹೇಳಿದ್ದಳು. ಹಾಗಾಗಿ ನಾವೆಲ್ಲ ಬಾಯಿಗೆ ಏನಾದರೂ ಅಡ್ಡ ಹಿಡಿದು ಮಾತಾಡಬೇಕಾಯಿತು. ಪಲ್ಲವಿ ಪಾಟಿ ಹಿಡಿಯುವಳು, ಶ್ರೀಶೈಲ ಟವೆಲು, ನಾನು ಕೈ. ಉಪ್ಪು ಬೇಕು ಎನ್ನಲು ಹತ್ತು ಸಲ ಹೇಳಬೇಕು. ಹತ್ತನೆಯ ಸಲ ಅವಳು ಸಕ್ಕರೆ ಡಬ್ಬಿ ಎತ್ತಿಕೊಡುವಳು. ಕೈ ತೆಗೆದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಮಾತು. ಶ್ರೀಶೈಲ ಎಷ್ಟೋ ಸಲ ಟವೆಲು ಎಸೆದು ಎದ್ದು ಹೋದ. ಅವಳೇ ಎಸೆದ ತಾಟುಗಳೂ ಕಡಿಮೆ ಇಲ್ಲ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಶೆಡ್ಡು. ಅಲ್ಲಿ ಅವಳು ಯಾರ ಮುಖವನ್ನೂ ನೋಡದೆ ಕಂಡಿಕೆ ಸುತ್ತುತ್ತಿದ್ದಳು. ಕಾಶವ್ವ ಮುನಿಸಿಕೊಂಡಳು. ತಲೀ ಗಡ್ಡಿ ಸೊಕ್ಕಿನ ಗಡ್ಡಿ ಆತೇನು ಎಂದು ನನ್ನ ಹತ್ತಿರ ಹೇಳಿಕಳಿಸಿದಳು. ನಾನು ಅದನ್ನು ವನಜಾಗೆ ತಲುಪಿಸಲಿಲ್ಲ.

ವಾರದ ಪರೀಕ್ಷೆಯಲ್ಲಿ ಲವಿನಾ ಈಗ ಮುಖ ತೋರಿಸುತ್ತಿರಲಿಲ್ಲ, ಪರದೆ ಕಪ್ಪಾಗಿರುತ್ತಿತ್ತು. ನನ್ನನ್ನು ಹೊರಗೆ ಕಳಿಸುತ್ತಿದ್ದರು, ಒಂದೊಂದು ಮಾತಿಗೂ ನನಗೆ ಗೊತ್ತಿಲ್ಲದೆಯೇ ನನ್ನ ತುಟಿ ಆಡುತ್ತಿತ್ತಂತೆ. ಕಟ್ಟೆಯ ಮೇಲೆ ಕೂತಿದ್ದರೆ ಒಳಗಿನಿಂದ ಮಾತು ಕೇಳುತ್ತಿತ್ತು. ಕೊಡ ಎನ್ನುವಳು ಲವಿನಾ. ಆಮೇಲೆ ಏನೂ ಇಲ್ಲ. ನನ್ನ ಬಾಯೊಳಗೆ ಆ ಮಾತು ಕಲ್ಲಿನ ಹಾಗೆ ಕೂತಿರುತ್ತಿತ್ತು. ಗೆರೆ ನೆಲಕ್ಕೆ ಅಂಟಿಕೊಂಡೇ ಇತ್ತು, ವಾರ ವಾರವೂ.

ಚಿತ್ರ ತೆಗೆಯುವ ದಿನ ಹತ್ತಿರ ಬಂತು. ಆಗೊಂದು ಸಂಜೆ ವನಜಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ನಮ್ಮ ಕಡೆ ಬೆನ್ನು. ಪಲ್ಲವಿ ಹಿಂದೆ ಚಾಪೆಯ ಮೇಲೆ ಕೂತು ಮಗ್ಗಿ ಹೇಳುತ್ತಿದ್ದಳು. ಏಳೊಂಬತ್ಲೆ ಅರವತ್ತೆರಡು ಎಂದಳು.

"ಅರವತ್ತಮೂರು" ಎಂದಳು ವನಜಾ, ತಿರುಗದೆಯೇ. ರೊಟ್ಟಿ ತಟ್ಟುವ ಕೈ ನಿಲ್ಲಲಿಲ್ಲ.

ಪಲ್ಲವಿ ನನ್ನನ್ನು ನೋಡಿದಳು. ನಾನು ಶ್ರೀಶೈಲನನ್ನು ನೋಡಿದೆ. ಅವನು ಬಾಗಿಲಲ್ಲಿ ಒಂದು ಚಪ್ಪಲಿ ಕಳಚಿ, ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ನಿಂತಿದ್ದ. ತಾನು ಕೇಳಿದೆ ಎಂಬುದು ಅವಳಿಗೆ ಸ್ವಲ್ಪ ತಡವಾಗಿ ತಿಳಿಯಿತು. ಆಗ ತಿರುಗಿದಳು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು, ಯಾರೂ ಎತ್ತಲಿಲ್ಲ.

ಹುಬ್ಬಳ್ಳಿಗೆ ಆ ಸಲ ನಾವು ಹುರುಪಿನಿಂದ ಹೋದೆವು. ಲವಿನಾ ಕೂತಿದ್ದ ಕಂಟ್ರೋಲ್ ರೂಮಿನ ಪರದೆಯ ಮೇಲೆ ಚಿತ್ರ ಬಂತು. ಗಡ್ಡೆ ಬೆಳೆದಿತ್ತು. ಬಹಳ ಅಲ್ಲ, ಒಂದು ಕೂದಲೆಳೆ, ಎರಡು ಕೂದಲೆಳೆ. ಡಾಕ್ಟರು ಕಿವಿಯ ಗೆರೆಯನ್ನೂ ತೋರಿಸಿದರು. ಅದು ಏರಿರಲಿಲ್ಲ. ಮದ್ದು ಇಳಿಸಿ ಲಾಭವಾಗಿಲ್ಲ, ನಷ್ಟ ಮಾತ್ರ ಆಗಿದೆ, ಇವತ್ತೇ ಏರಿಸಬೇಕು ಎಂದರು. ನಾನು ಮಗ್ಗಿಯ ಸಂಗತಿ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ಮಗು ಯಾವಾಗಲೂ ಅಲ್ಲೇ ತಪ್ಪುತ್ತಿರಬಹುದು ಎಂದರು. ಯಾವುದಾದರೂ ಪಾತ್ರೆಯಲ್ಲಿ ನೆರಳು ಕಂಡಿರಬಹುದು ಎಂದರು. ಒಂದು ಘಟನೆಯನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂದರು. ಅಂದು ಎಲ್ಲವನ್ನೂ ನಂಬಿದ ಜನ ಇಂದು ಏನನ್ನೂ ನಂಬಲಾರದವರಾಗಿದ್ದರು. ತಪ್ಪು ಅವರದೂ ಅಲ್ಲ ಅನ್ನಬಹುದು, ಒಮ್ಮೆ ಕೈ ಸುಟ್ಟುಕೊಂಡವರು. ಆದರೆ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು.

ವನಜಾ ತನ್ನ ತಾಯಿಯ ಮುಖದ ಮಾತು ತೆಗೆದಳು. ಮದ್ದು ಇಷ್ಟೇ ಇದ್ದರೆ ತನಗೂ ಹಾಗೆ ಆಗುತ್ತದೋ ಎಂದು ಕೇಳಿದಳು. ಡಾಕ್ಟರು ಮುಚ್ಚಿಡಲಿಲ್ಲ. ಗಡ್ಡೆ ಹೀಗೇ ಬೆಳೆದರೆ ಕೆಲವು ವರ್ಷಕ್ಕೆ ಕೊಯ್ಯಬೇಕಾಗುತ್ತದೆ, ಕೊಯ್ದರೆ ಕಿವಿ ಖಂಡಿತ ಹೋಗುತ್ತದೆ, ಮುಖವೂ ಹೋಗಬಹುದು. ಮದ್ದು ಏರಿಸಿದರೆ ಮುಖ, ಜೀವ ಎರಡೂ ಭದ್ರ, ಕಿವಿಯ ಆಸೆ ಬಿಡಬೇಕು. ಎರಡರ ನಡುವೆ ಒಂದು ದಾರಿ ಇರಬೇಕಲ್ಲ ಎಂದು ಶ್ರೀಶೈಲ ಕೇಳಿದ. ಇದ್ದರೆ ಯಂತ್ರವೇ ಹೇಳುತ್ತಿತ್ತು ಎಂದರು.

ಶ್ರೀಶೈಲ ಅವಳ ಮೊಣಕೈ ಮುಟ್ಟಿದ. ಮದ್ದು ಏರಿಸೋಣ ಎಂದು ಅವನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಅದಕ್ಕೇ ಅವಳು ಅವನ ಮುಖ ನೋಡಲಿಲ್ಲ.

"ಮಗಳು ದೊಡ್ಡಾಕಿ ಆಗೂತನ ಆಕಿ ಬಚ್ಚಲದಾಗ ಬಿದ್ರ ನನಗ ಕೇಳಬೇಕ್ರಿ. ಆಮ್ಯಾಲ ಮಾರಿ ಹ್ಯಾಂಗರ ಆಗಲಿ. ಮದ್ದು ಏರಸಬ್ಯಾಡ್ರಿ."

ಡಾಕ್ಟರು ಅವಳ ಒಪ್ಪಿಗೆಯ ಸಹಿ ಹಾಕಿಸಿಕೊಂಡರು. ಆರು ತಿಂಗಳು ಬಿಟ್ಟು ಬರ್ರಿ ಎಂದರು, ಇನ್ನೇನು ಹೇಳಿಯಾರು. ಅವಳು ಅವರ ತುಟಿಯಿಂದ ಅದನ್ನು ತಿಳಿದುಕೊಂಡು ನಕ್ಕಳು. "ಬೆನ್ನ ಹಿಂದಿಂದ ಕರೀರಿ. ಕೇಳಿದ್ರ ಬರ್ತೇನಿ" ಎಂದು ಹೇಳಿ ಎದ್ದಳು.

ಗೋಡೆಯ ಮೇಲೆ ಒಂದು ಕೈ ಊರಿಕೊಂಡು ಬಾಗಿಲ ಕಡೆ ನಡೆದಳು. ನಾನೂ ಶ್ರೀಶೈಲನೂ ಹಿಂದೆ ಇದ್ದೆವು. ಡಾಕ್ಟರು ಮೇಜಿನ ಆ ಕಡೆ ನಿಂತಿದ್ದರು. ಅವರಿಗೆ ಏನು ಅನಿಸಿತೋ, ಮೆಲ್ಲಗೆ, ಕೂಗದೆ, ಮನೆಯವರನ್ನು ಕರೆಯುವ ಹಾಗೆ ಅವಳ ಹೆಸರು ಕರೆದರು. ನಾನು ಬಾಯಿ ಬಿಗಿ ಹಿಡಿದೆ. ಲವಿನಾ ತಲೆ ಎತ್ತಿದಳು.

ವನಜಾ ನಡೆಯುತ್ತಲೇ ಇದ್ದಳು. ಹೊಸ್ತಿಲಿಗೆ ಕಾಲು ಎತ್ತಿದವಳು ಅದನ್ನು ಕೆಳಗಿಟ್ಟಳು.

"ಏನ್ರಿ?" ಎಂದಳು, ತಿರುಗದೆ.

ಲವಿನಾ ಗೋಡೆಯ ಪರದೆಯನ್ನು ನೋಡಿದಳು, ನಾನೂ ನೋಡಿದೆ. ಅವಳ ಗೆರೆ ಇದ್ದಲ್ಲೇ ಇತ್ತು.